ಚಿತ್ರದುರ್ಗ ಸೀಮೆಯ ಅಂತರ್ಜಲದಲ್ಲಿ ಯುರೇನಿಯಂ

೧. ವಿಷಯಪ್ರವೇಶ

ತುರುವನೂರು ಚಿತ್ರದುರ್ಗದ ತಾಲ್ಲೂಕಿಗೆ ಸೇರಿದ ಒಂದು ಹೋಬಳಿಯ ಮುಖ್ಯ ಗ್ರಾಮ. ೧೯೩೯ನೆಯ ಇಸವಿಯಲ್ಲಿ ಅಲ್ಲಿ ನಡೆದ ಅರಣ್ಯ ಸತ್ಯಾಗ್ರಹದಿಂದ ಅದರ ಹೆಸರು ಮೈಸೂರು ಸಂಸ್ಥಾನದಲ್ಲಿ ಪ್ರಸಿದ್ಧವಾಯಿತು. ಆ ಸೀಮೆಯು ಬಯಲುಸೀಮೆ, ಮಳೆ ಕಡಮೆ, ಬಂದ ಮಳೆಯೂ ಎಲ್ಲ ವರ್ಷಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಪೂರ್ವದಲ್ಲಿ ಜನರು ಕೆರೆಗಳನ್ನೂ ಮೆಟ್ಟಿಲು ಕಟ್ಟಿದ ತೆರೆದ ಬಾವಿಗಳನ್ನೂ ನಂಬಿ ಜೀವಿಸುತ್ತಿದ್ದರು. ಕಳೆದ ನಾಲ್ಕೈದು ದಶಕಗಳಲ್ಲಿ ತೆರೆದ ಬಾವಿಗಳು ಬತ್ತಿದುವು. ಅವುಗಳ ಸ್ಥಾನಕ್ಕೆ ಕೊಳವೆಬಾವಿಗಳು ಬಂದುವು. ಅವುಗಳ ಆಳವೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಯಿತು. ಇಂದು ಅಂತರ್ಜಲವನ್ನು ಅತಿಯಾಗಿ ಸೆಳೆದ ಪ್ರದೇಶಗಳ ಪಟ್ಟಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಹಲವು ತಾಲ್ಲೂಕುಗಳು ಸೇರಿವೆ.

ನೀರಿನ ಗುಣವನ್ನು ಅರಿಯುವುದಕ್ಕೆ ಈ ಸೀಮೆಯ ಜನರಿಗೆ ತಮ್ಮದೇ ಆದ ಪರೀಕ್ಷೆಗಳುಂಟು. ಸಿಹಿನೀರು, ಸವುಳುನೀರು, ಗಡಸುನೀರು ಎಂಬ ಭೇದವನ್ನು ನಾಲಿಗೆಯೇ ಹೇಳುತ್ತದೆ. ಬೇಳೆ ಬೇಯದ ನೀರು, ಸಾಬೂನು ನೊರೆಗೊಳ್ಳದ ನೀರು, ತಪ್ಪಲೆಯ ತಳದಲ್ಲಿ ಬಿಳಿಯ ಹೊಟ್ಟು ಕಟ್ಟುವ ನೀರು, ಇವನ್ನು ಅಡಿಗೆಮನೆಯಲ್ಲಿಯೇ ಗುರುತಿಸಬಹುದು. ಫ್ಲೋರೈಡಿನ ದೋಷವು ನಾಲಿಗೆಗೆ ತಿಳಿಯದಿದ್ದರೂ ಮಕ್ಕಳ ಹಲ್ಲಿನ ಮೇಲೆ ಕಂದುಬಣ್ಣದ ಕಲೆಯಾಗಿ ಕೆಲವು ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಅದೇ ಬಂಡೆಯಿಂದ ಅದೇ ನೀರಿಗೆ ಇಳಿದು ಬರಬಲ್ಲ ಮತ್ತೊಂದು ದ್ರವ್ಯಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಹಲ್ಲಿನ ಮೇಲೆ ಕಲೆಯನ್ನೂ ಅದು ಬಿಡುವುದಿಲ್ಲ. ಅದು ಯುರೇನಿಯಂ. ಇದರ ಇರವನ್ನು ತಿಳಿಯುವುದಕ್ಕೆ ಅಳತೆಯೊಂದೇ ಮಾರ್ಗ. ಆ ಅಳತೆಯನ್ನು ಮಾಡತಕ್ಕವನು ವಿಕಿರಣ ರಸಾಯನಜ್ಞ. ಅವನ ಕೆಲಸವು ಯಾವುದು, ಅದರಿಂದ ಸಾರ್ವಜನಿಕ ಆರೋಗ್ಯಕ್ಕೆ ಆಗುವ ಉಪಯೋಗವೇನು ಎಂಬುದನ್ನು ಈ ಸೀಮೆಯ ನೀರನ್ನೇ ನಿದರ್ಶನವಾಗಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

೨. ಶಾಸ್ತ್ರದ ಹುಟ್ಟು

೧೮೯೬ರಲ್ಲಿ ಫ್ರಾನ್ಸ್ ದೇಶದ ಹೆನ್ರಿ ಬೆಕೆರೆಲ್ ಎಂಬ ವಿದ್ವಾಂಸನು ಯುರೇನಿಯಂ ಲವಣಗಳಿಂದ ತಾವಾಗಿಯೇ ಒಂದು ಬಗೆಯ ಕಿರಣಗಳು ಹೊರಡುವುವೆಂದು ಕಂಡುಹಿಡಿದನು. ಎರಡು ವರ್ಷಗಳ ತರುವಾಯ, ಎಂದರೆ ೧೮೯೮ರಲ್ಲಿ, ಮೇರಿ ಕ್ಯೂರಿಯೂ ಆಕೆಯ ಪತಿ ಪಿಯರೆ ಕ್ಯೂರಿಯೂ ಯುರೇನಿಯಂ ಅದಿರಿನಿಂದ ಪೊಲೋನಿಯಂ, ರೇಡಿಯಂ ಎಂಬ ಎರಡು ಹೊಸ ಮೂಲವಸ್ತುಗಳನ್ನು ಪ್ರಕಟಪಡಿಸಿದರು. ಅವರ ಕ್ರಮವು ಎರಡು ಕೆಲಸಗಳು ಸೇರಿದುದಾಗಿತ್ತು: ಅದಿರನ್ನು ರಾಸಾಯನಿಕವಾಗಿ ಭಾಗಭಾಗವಾಗಿ ಬೇರ್ಪಡಿಸುವುದು ಒಂದು, ಯಾವ ಭಾಗದಲ್ಲಿ ಕಿರಣಶಕ್ತಿ ಎಷ್ಟೆಂದು ಅಳೆಯುವುದು ಮತ್ತೊಂದು. ಬೇರ್ಪಡಿಸುವುದು, ಅಳೆಯುವುದು—ಈ ಎರಡೇ ಇಂದಿಗೂ ವಿಕಿರಣ ರಸಾಯನಶಾಸ್ತ್ರದ ಕಾಲುಗಳು.

ಈ ಶಾಸ್ತ್ರವು ಆರೋಗ್ಯರಕ್ಷಣೆಯ ಕಡೆಗೆ ತಿರುಗಿದುದು ಒಂದು ದುಃಖದ ಪ್ರಸಂಗದಿಂದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿಯೂ ಅನಂತರವೂ ಅಮೆರಿಕದ ನ್ಯೂಜೆರ್ಸಿ ಮೊದಲಾದ ಕಡೆಗಳಲ್ಲಿ ಗಡಿಯಾರದ ಮುಖಗಳಿಗೆ ಕತ್ತಲೆಯಲ್ಲಿ ಹೊಳೆಯುವ ರೇಡಿಯಂ ಬಣ್ಣವನ್ನು ಬಳಿಯುತ್ತಿದ್ದರು. ಆ ಕೆಲಸದಲ್ಲಿದ್ದ ಹೆಂಗಸರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪುಮಾಡಿಕೊಳ್ಳುತ್ತಿದ್ದುದರಿಂದ ದಿನದಿನವೂ ಅಣುಮಾತ್ರ ರೇಡಿಯಂ ಅವರ ದೇಹವನ್ನು ಸೇರುತ್ತಿತ್ತು. ಅವರಲ್ಲಿ ಅನೇಕರ ದವಡೆಯ ಮೂಳೆ ಕೊಳೆತುಹೋಯಿತು, ರಕ್ತ ಕ್ಷೀಣಿಸಿತು, ಹಲವರು ಮರಣಹೊಂದಿದರು. ೧೯೨೫ರಲ್ಲಿ ಹ್ಯಾರಿಸನ್ ಮಾರ್ಟ್‌ಲಂಡ್ ಎಂಬ ವೈದ್ಯನು ಇದಕ್ಕೆ ಕಾರಣವು ಮೂಳೆಯಲ್ಲಿ ನೆಲೆಗೊಂಡ ರೇಡಿಯಂ ಎಂದು ತೋರಿಸಿದನು. ಮುಂದೆ ರಾಬ್ಲಿ ಎವಾನ್ಸ್ ಎಂಬ ವಿಜ್ಞಾನಿಯು ಇಂಥ ರೋಗಿಗಳ ದೇಹದಲ್ಲಿದ್ದ ರೇಡಿಯಮ್ಮನ್ನು ಅಳೆದನು. ಆ ಅಳತೆಗಳ ಆಧಾರದಿಂದ ೧೯೪೧ರಲ್ಲಿ ಮನುಷ್ಯದೇಹದಲ್ಲಿ ಇರಬಹುದಾದ ರೇಡಿಯಂ ಒಂದು ಮೈಕ್ರೋಗ್ರಾಂನ ಹತ್ತನೆಯ ಒಂದು ಭಾಗವನ್ನು ಮೀರಕೂಡದೆಂಬ ನಿಯಮವು ಅಮೆರಿಕದಲ್ಲಿ ಏರ್ಪಟ್ಟಿತು. ಕಣ್ಣಿಗೆ ಕಾಣದ ದ್ರವ್ಯವೊಂದಕ್ಕೆ ಅಂಕಿಯ ರೂಪದ ಎಲ್ಲೆಯನ್ನು ಕಟ್ಟಿ ಪ್ರಾಣರಕ್ಷಣೆ ಮಾಡುವ ಪದ್ಧತಿಗೆ ಇದು ಒಂದು ಮೇಲ್ಪಂಕ್ತಿಯಾಯಿತು.

ಭಾರತದಲ್ಲಿ ಅಣುಶಕ್ತಿ ಆಯೋಗವು ೧೯೪೮ರಲ್ಲಿ ಸ್ಥಾಪಿತವಾಯಿತು. ವಿಕಿರಣದಿಂದ ಜನರನ್ನು ಕಾಪಾಡುವುದಕ್ಕೆ ಬೇಕಾದ ನಿಯಮಗಳನ್ನು ಮಾಡುವ ಅಧಿಕಾರವುಳ್ಳ ಅಣುಶಕ್ತಿ ನಿಯಂತ್ರಣ ಮಂಡಲಿಯು ೧೯೮೩ರಲ್ಲಿ ಹುಟ್ಟಿತು. ಕರ್ಣಾಟಕದಲ್ಲಿ ಮಂಗಳೂರು ಮತ್ತು ಮೈಸೂರು ವಿಶ್ವವಿದ್ಯಾಲಯಗಳು ಮಣ್ಣು, ಗಾಳಿ, ನೀರುಗಳಲ್ಲಿರುವ ಸಹಜ ವಿಕಿರಣವನ್ನು ಅಳೆಯುವ ಕಾರ್ಯವನ್ನು ಬಹುಕಾಲದಿಂದ ನಡೆಸುತ್ತ ಬಂದಿವೆ.

೩. ಬಂಡೆಯಿಂದ ನೀರಿಗೆ

ಯುರೇನಿಯಂ ಅಪರೂಪದ ವಸ್ತುವಲ್ಲ. ಸಾಧಾರಣವಾದ ಬೆಣಚುಗಲ್ಲಿನಲ್ಲಿ, ಎಂದರೆ ಗ್ರಾನೈಟಿನಲ್ಲಿ, ಒಂದು ಟನ್ನಿಗೆ ಮೂರು ನಾಲ್ಕು ಗ್ರಾಂ ಇರುವುದು ಸಾಮಾನ್ಯ. ಕರ್ಣಾಟಕದ ಪೂರ್ವಭಾಗದಲ್ಲಿ ದಕ್ಷಿಣೋತ್ತರವಾಗಿ ಸುಮಾರು ೪೦೦ ಕಿಲೋಮೀಟರು ಉದ್ದಕ್ಕೆ ಒಂದು ಗ್ರಾನೈಟಿನ ಪಟ್ಟೆ ಹಬ್ಬಿದೆ. ರಾಮನಗರಕ್ಕೆ ಹಿಂದೆ ಇದ್ದ ಹೆಸರಿನಿಂದ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವರು. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಇದಕ್ಕೆ ಪಶ್ಚಿಮದಲ್ಲಿ ಚಿತ್ರದುರ್ಗದ ಹೆಸರನ್ನೇ ಹೊತ್ತ ಪದರುಶಿಲೆಗಳ ಪಟ್ಟೆಯಿದೆ. ಎರಡರ ಆಸುಪಾಸಿನಲ್ಲಿ ನೈಸ್ ಎಂಬ ಗೆರೆಗೆರೆಯಾದ ಶಿಲೆಯೂ ಅಲ್ಲಲ್ಲಿ ಬೇರೆ ಗ್ರಾನೈಟುಗಳೂ ಕಾಣುತ್ತವೆ. ಪದರುಶಿಲೆಗಳಲ್ಲಿ ಸಾಮಾನ್ಯವಾಗಿ ಯುರೇನಿಯಂ ಕಡಮೆ. ಗ್ರಾನೈಟಿನಲ್ಲಿಯೂ ಅದಕ್ಕೆ ಸಂಬಂಧಿಸಿದ ನೈಸಿನಲ್ಲಿಯೂ ಹೆಚ್ಚು. ಆದುದರಿಂದ ಒಂದೇ ಜಿಲ್ಲೆಯಲ್ಲಿ, ಕೆಲವೆಡೆ ಒಂದೇ ಹೋಬಳಿಯಲ್ಲಿ ಕೂಡ, ಬಾವಿಯಿಂದ ಬಾವಿಗೆ ನೀರಿನ ಗುಣವು ಬೇರೆಯಾಗಬಹುದು.

ಬಂಡೆಯಲ್ಲಿದ್ದ ಮಾತ್ರಕ್ಕೆ ಯುರೇನಿಯಂ ನೀರಿಗೆ ಇಳಿಯುವುದಿಲ್ಲ. ಅದಕ್ಕೆ ಎರಡು ಅವಸ್ಥೆಗಳುಂಟು. ಆಮ್ಲಜನಕದ ಸಂಪರ್ಕವಿಲ್ಲದ ಕಡೆ ಅದು ನಾಲ್ಕರ ವೇಲೆನ್ಸಿಯಲ್ಲಿದ್ದು ನೀರಿನಲ್ಲಿ ಹೆಚ್ಚುಕಡಮೆ ಕರಗದೆ ಉಳಿಯುತ್ತದೆ. ಆಮ್ಲಜನಕವು ಸೋಂಕಿದಾಗ ಆರರ ವೇಲೆನ್ಸಿಗೆ ಏರಿ, ಯುರೇನಿಲ್ ಎಂಬ ರೂಪವನ್ನು ತಾಳುತ್ತದೆ. ಈ ಯುರೇನಿಲ್ಲು ನೀರಿನಲ್ಲಿರುವ ಕಾರ್ಬೊನೇಟಿನೊಡನೆ ಕೂಡಿ ಬಹು ಸುಲಭವಾಗಿ ಕರಗುವ ಸಂಯುಕ್ತವಾಗುತ್ತದೆ; ಸುಣ್ಣದ ಅಂಶ ಹೆಚ್ಚಿರುವ ನೀರಿನಲ್ಲಿ ಕ್ಯಾಲ್ಸಿಯಮ್ಮನ್ನೂ ಜತೆಗೂಡಿಸಿಕೊಂಡು ಇನ್ನೂ ಸ್ಥಿರವಾಗುತ್ತದೆ. ಬಯಲುಸೀಮೆಯ ಗಡಸುನೀರಿನಲ್ಲಿ ಕಾರ್ಬೊನೇಟೂ ಕ್ಯಾಲ್ಸಿಯಮ್ಮೂ ಯಥೇಚ್ಛವಾಗಿರುವುದರಿಂದ ಯುರೇನಿಯಂ ಕರಗುವುದಕ್ಕೆ ಅದು ಅನುಕೂಲವಾದ ದ್ರಾವಕವೆನ್ನಬೇಕು.

ಇಲ್ಲಿ ಮನುಷ್ಯನ ಕಾರ್ಯವೂ ಸೇರುತ್ತದೆ. ನೀರಿನ ಮಟ್ಟವು ಕೆಳಗಿಳಿದಂತೆಲ್ಲ, ಹಿಂದೆ ನೀರಿನಲ್ಲಿ ಮುಳುಗಿದ್ದ ಬಿರುಕುಗಳಿಗೆ ಗಾಳಿಯು ಹೊಗುತ್ತದೆ. ಮರುವರ್ಷದ ಮಳೆಯ ನೀರು ಅವನ್ನು ತೊಳೆದುಕೊಂಡು ಇಳಿಯುತ್ತದೆ. ಕೊಳವೆಯು ಆಳಕ್ಕೆ ಹೋದಷ್ಟೂ, ಬಂಡೆಯೊಡನೆ ಬಹುಕಾಲ ಸಂಪರ್ಕದಲ್ಲಿದ್ದ ನೀರು ಮೇಲಕ್ಕೆ ಬರುತ್ತದೆ. ಹೀಗೆ ನೀರಿನ ಅಭಾವವೂ ನೀರಿನ ದೋಷವೂ ಪರಸ್ಪರ ಸಂಬಂಧವುಳ್ಳವು.

ಪೂರ್ವ ಕರ್ಣಾಟಕದಲ್ಲಿ ಇದರ ವಿಸ್ತಾರವೆಷ್ಟೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದವರೂ ಮಂಗಳೂರು ವಿಶ್ವವಿದ್ಯಾಲಯದವರೂ ಕೂಡಿ ಪರೀಕ್ಷಿಸಿದರು. ಆರ್. ಶ್ರೀನಿವಾಸನ್, ಎನ್. ಕರುಣಾಕರ ಮೊದಲಾದವರು ಇದರ ಫಲಿತಾಂಶವನ್ನು ೨೦೨೧ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನೀರನ್ನು ಪರೀಕ್ಷಿಸಿದ ಗ್ರಾಮಗಳು ೭೩. ಅವುಗಳಲ್ಲಿ ೫೭ ಗ್ರಾಮಗಳ ನೀರಿನಲ್ಲಿ ಯುರೇನಿಯಂ ಲೀಟರಿಗೆ ೩೦ ಮೈಕ್ರೋಗ್ರಾಂ ಮೀರಿತ್ತು. ೪೮ ಗ್ರಾಮಗಳಲ್ಲಿ ೬೦ ಮೈಕ್ರೋಗ್ರಾಂ ಮೀರಿತ್ತು. ಈ ಎರಡು ಅಂಕಿಗಳ ಅರ್ಥವನ್ನು ಮುಂದೆ ವಿಚಾರಿಸಬೇಕಾಗಿದೆ. ಅದಕ್ಕೆ ಮೊದಲು ಇಂಥ ಅಂಕಿಗಳು ಹೇಗೆ ದೊರೆಯುವುವೆಂಬುದನ್ನು ತಿಳಿಯುವುದು ಯುಕ್ತ.

೪. ಅಳತೆಯ ಕ್ರಮ

ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗ. ಇಷ್ಟು ಸ್ವಲ್ಪವನ್ನು ಅಳೆಯುವಾಗ ತಪ್ಪು ನುಸುಳುವುದು ಪ್ರಯೋಗಶಾಲೆಗಿಂತ ಹೆಚ್ಚಾಗಿ ಬಾವಿಯ ಬಳಿಯಲ್ಲಿಯೇ. ಕೊಳವೆಯಲ್ಲಿ ನಿಂತ ನೀರು ಹೊರಹೋಗುವ ತನಕ ಪಂಪನ್ನು ನಡೆಸಿ, ಅನಂತರ ಬರುವ ಹೊಸ ನೀರನ್ನು ಶುಚಿಯಾದ ಪ್ಲಾಸ್ಟಿಕ್ ಸೀಸೆಯಲ್ಲಿ ಹಿಡಿಯಬೇಕು. ಮಣ್ಣಿನ ಕಣಗಳು ಉಳಿಯದಂತೆ ಸೂಕ್ಷ್ಮವಾದ ಸೋಸುಹಾಳೆಯಲ್ಲಿ ಸೋಸಿ, ಒಡನೆಯೇ ಕೆಲವು ಹನಿ ನೈಟ್ರಿಕ್ ಆಮ್ಲವನ್ನು ಸೇರಿಸಬೇಕು. ಆಮ್ಲವನ್ನು ಸೇರಿಸದಿದ್ದರೆ ಯುರೇನಿಯಮ್ಮಿನ ಒಂದು ಭಾಗವು ಸೀಸೆಯ ಗೋಡೆಗೆ ಅಂಟಿಕೊಂಡು, ಅಳತೆಯಲ್ಲಿ ಕಡಮೆ ಕಾಣುತ್ತದೆ. ದೋಷವುಳ್ಳ ನೀರು ನಿರ್ದುಷ್ಟವೆಂದು ಹೊರಬೀಳುತ್ತದೆ.

ಅಳತೆಗೆ ಹೆಚ್ಚಾಗಿ ಬಳಕೆಯಲ್ಲಿರುವ ಉಪಕರಣವು ಪ್ರತಿದೀಪ್ತಿಮಾಪಕ. ಯುರೇನಿಲ್ಲಿನ ಮೇಲೆ ನೇರಳೆಯ ಕಡೆಯ ಬೆಳಕು ಬಿದ್ದರೆ ಅದು ಹಸುರುಬಣ್ಣದ ಹೊಳಪನ್ನು ಬಿಡುತ್ತದೆ. ನೀರಿಗೆ ಪೈರೊಫಾಸ್ಫೇಟ್ ದ್ರಾವಣವನ್ನು ಸೇರಿಸಿದಾಗ ಈ ಹೊಳಪು ಬಹಳವಾಗಿ ಹೆಚ್ಚುತ್ತದೆ. ಕ್ಷಣಕ್ಷಣಕ್ಕೂ ಬೆಳಕಿನ ಮಿಂಚನ್ನು ಹಾಯಿಸಿ, ಅದು ಆರಿದ ಮೇಲೆ ಉಳಿಯುವ ಹಸುರು ಹೊಳಪನ್ನು ಅಳೆದು ಯುರೇನಿಯಂ ಎಷ್ಟೆಂದು ಲೆಕ್ಕಮಾಡುವರು. ಆದರೆ ನೀರಿನಲ್ಲಿರುವ ಕಬ್ಬಿಣ, ಮ್ಯಾಂಗನೀಸು, ಕ್ಲೋರೈಡುಗಳು ಆ ಹೊಳಪನ್ನು ನಂದಿಸುವ ಗುಣವುಳ್ಳವು. ಆದಕಾರಣ ಜಾಗರೂಕನಾದ ರಸಾಯನಜ್ಞನು ಮೊದಲು ನೀರನ್ನು ಇದ್ದಂತೆ ಅಳೆಯುತ್ತಾನೆ. ತರುವಾಯ ಅದೇ ನೀರಿಗೆ ಗೊತ್ತಾದ ಪ್ರಮಾಣದ ಯುರೇನಿಯಂ ಸೇರಿಸಿ ಮತ್ತೆ ಅಳೆಯುತ್ತಾನೆ. ಹೊಳಪು ಎಷ್ಟು ಏರಿತೆಂಬುದರಿಂದ ಮೊದಲಿದ್ದುದನ್ನು ನಿಶ್ಚಯಿಸುತ್ತಾನೆ.

ಯುರೇನಿಯಮ್ಮಿನ ಬೇರೆ ಬೇರೆ ಐಸೊಟೋಪುಗಳನ್ನು ತಿಳಿಯಬೇಕಾದರೆ ಕೆಲಸವು ಇನ್ನೂ ಸೂಕ್ಷ್ಮವಾದುದು. ಆಗ ಪ್ರಕೃತಿಯಲ್ಲಿ ದೊರೆಯದ ಯುರೇನಿಯಂ-೨೩೨ ಎಂಬುದನ್ನು ಗೊತ್ತಾದ ಅಳತೆಯಲ್ಲಿ ನೀರಿಗೆ ಹಾಕುವರು. ಬೇರ್ಪಡಿಸುವ ಕ್ರಿಯೆಗಳಲ್ಲಿ ಎಷ್ಟು ನಷ್ಟವಾಯಿತೆಂಬುದನ್ನು ಇದೇ ಹೇಳುತ್ತದೆ; ಏಕೆಂದರೆ ಸೇರಿಸಿದುದರಲ್ಲಿ ನೂರಕ್ಕೆ ಎಂಬತ್ತು ಉಳಿದರೆ, ಸಹಜವಾಗಿದ್ದ ಯುರೇನಿಯಮ್ಮೂ ನೂರಕ್ಕೆ ಎಂಬತ್ತೇ ಉಳಿದಿರಬೇಕು. ರಾಳದ ಕೊಳವೆಯ ಮೂಲಕ ಹಾಯಿಸಿ ಶುದ್ಧಿಮಾಡಿದ ಯುರೇನಿಯಮ್ಮನ್ನು ವಿದ್ಯುತ್ತಿನಿಂದ ಉಕ್ಕಿನ ಬಿಲ್ಲೆಯ ಮೇಲೆ ತೆಳ್ಳಗೆ ಲೇಪಿಸಿ, ನಿರ್ವಾತದಲ್ಲಿ ಸಿಲಿಕಾನ್ ಶೋಧಕದ ಎದುರಿಗೆ ಇಡುವರು. ಒಂದೊಂದು ಐಸೊಟೋಪಿನ ಆಲ್ಫಾ ಕಣಕ್ಕೂ ಅದರದೇ ಆದ ಶಕ್ತಿಯುಂಟಾದುದರಿಂದ ಅವು ಬೇರೆಬೇರೆಯಾಗಿ ಎಣಿಕೆಗೆ ಸಿಕ್ಕುತ್ತವೆ. ಒಂದು ಬಿಲ್ಲೆಯ ಎಣಿಕೆಗೆ ದಿನವೊಂದಾದರೂ ಬೇಕಾಗುವುದುಂಟು.

ಯುರೇನಿಯಮ್ಮಿನ ಸಂತತಿಯಾದ ರೇಡಿಯಂ, ರೇಡಾನ್, ಪೊಲೋನಿಯಂಗಳನ್ನು ಪ್ರತ್ಯೇಕವಾಗಿ ಅಳೆಯಬೇಕಾಗುತ್ತದೆ. ತಾಯಿಯಿರುವಲ್ಲಿ ಮಕ್ಕಳೂ ಇರಬೇಕೆಂಬ ನಿಯಮವು ಬಂಡೆಯಲ್ಲಿ ನಡೆದರೂ ನೀರಿನಲ್ಲಿ ನಡೆಯುವುದಿಲ್ಲ; ಒಂದೊಂದರ ರಾಸಾಯನಿಕ ಸ್ವಭಾವವೂ ಬೇರೆಯಾದುದರಿಂದ ಯುರೇನಿಯಂ ಹೆಚ್ಚಿರುವ ನೀರಿನಲ್ಲಿ ರೇಡಿಯಂ ಅತ್ಯಲ್ಪವಾಗಿರಬಹುದು; ಇದಕ್ಕೆ ವಿಪರೀತವಾಗಿಯೂ ಇರಬಹುದು. ರೇಡಾನ್ ಅನಿಲವಾದುದರಿಂದ ಅದರ ಪರೀಕ್ಷೆಗೆ ಗಾಳಿಗುಳ್ಳೆ ಒಂದೂ ಇಲ್ಲದಂತೆ ಸೀಸೆಯನ್ನು ಬಾಯಿಮಟ್ಟ ತುಂಬಬೇಕು. ಅದರ ಅರ್ಧಾಯುಷ್ಯವು ೩.೮ ದಿನಗಳಷ್ಟೇ ಆದುದರಿಂದ ಅಳತೆಯೂ ತ್ವರೆಯಿಂದ ಆಗಬೇಕು.

೫. ಅಪಾಯದ ಸ್ವರೂಪ

ಯುರೇನಿಯಂ ಎಂಬ ಹೆಸರು ಕಿವಿಗೆ ಬಿದ್ದೊಡನೆ ಜನರ ಮನಸ್ಸಿಗೆ ತೋರುವುದು ಕಿರಣದ ಭಯ. ವಿಕಿರಣ ರಸಾಯನಜ್ಞನ ಲೆಕ್ಕವು ಇದಕ್ಕೆ ಬೇರೆಯಾದ ಉತ್ತರವನ್ನು ಕೊಡುತ್ತದೆ.

ಯುರೇನಿಯಂ-೨೩೮ರ ಅರ್ಧಾಯುಷ್ಯವು ೪೪೭ ಕೋಟಿ ವರ್ಷ. ಇಷ್ಟು ನಿಧಾನವಾಗಿ ಕ್ಷಯಿಸುವ ವಸ್ತುವಿನಿಂದ ಕ್ಷಣಕ್ಕೆ ಹೊರಡುವ ಕಿರಣಗಳು ಕಡಮೆಯಾಗಿಯೇ ಇರಬೇಕು. ಒಂದು ಗ್ರಾಂ ಯುರೇನಿಯಂ-೨೩೮ರಲ್ಲಿ ಸೆಕೆಂಡಿಗೆ ೧೨,೪೦೦ ಪರಮಾಣುಗಳು ಒಡೆಯುತ್ತವೆ. ಒಂದು ಗ್ರಾಂ ರೇಡಿಯಮ್ಮಿನಲ್ಲಿ ೩,೭೦೦ ಕೋಟಿ. ತೂಕಕ್ಕೆ ತೂಕವಿಟ್ಟು ನೋಡಿದರೆ ರೇಡಿಯಮ್ಮಿನ ಕಿರಣಶಕ್ತಿಯು ಸುಮಾರು ೩೦ ಲಕ್ಷ ಪಾಲು ಹೆಚ್ಚು. ಗಡಿಯಾರಕ್ಕೆ ಬಣ್ಣ ಬಳಿದ ಹೆಂಗಸರನ್ನು ಕೊಂದುದು ಕಿರಣ; ಬಾವಿಯ ನೀರಿನ ಯುರೇನಿಯಮ್ಮಿಗೆ ಅದೇ ನ್ಯಾಯವನ್ನು ಅನ್ವಯಿಸಲಾಗದು.

ಲೀಟರಿಗೆ ೩೦ ಮೈಕ್ರೋಗ್ರಾಂ ಯುರೇನಿಯಂ ಇರುವ ನೀರನ್ನು ಒಬ್ಬನು ದಿನಕ್ಕೆ ಎರಡು ಲೀಟರಿನಂತೆ ವರ್ಷವೆಲ್ಲ ಕುಡಿದನೆಂದು ಇಟ್ಟುಕೊಂಡರೆ, ಅವನ ಹೊಟ್ಟೆ ಸೇರುವ ಯುರೇನಿಯಂ ಸುಮಾರು ೨೨ ಮಿಲಿಗ್ರಾಂ. ಇದರ ಜತೆಯಲ್ಲಿ ಬರುವ ಯುರೇನಿಯಂ-೨೩೪ನ್ನೂ ಸಮಭಾಗವಾಗಿ ಲೆಕ್ಕಕ್ಕೆ ಸೇರಿಸಿದರೆ ಅವನಿಗೆ ತಗಲುವ ವಿಕಿರಣವು ವರ್ಷಕ್ಕೆ ಸುಮಾರು ೦.೦೩ ಮಿಲಿಸೀವರ್ಟ್. ಭೂಮಿ, ಆಕಾಶ, ಆಹಾರಗಳಿಂದ ಮನುಷ್ಯನಿಗೆ ಸಹಜವಾಗಿ ದೊರೆಯುವ ವಿಕಿರಣವು ಲೋಕದ ಸರಾಸರಿಯಲ್ಲಿ ವರ್ಷಕ್ಕೆ ೨.೪ ಮಿಲಿಸೀವರ್ಟ್. ಕುಡಿಯುವ ನೀರಿನಿಂದ ಬರುವ ವಿಕಿರಣವು ೦.೧ ಮಿಲಿಸೀವರ್ಟನ್ನು ಮೀರಿದರೆ ವಿಚಾರಣೆ ನಡೆಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಆದುದರಿಂದ ಇಂಥ ನೀರಿನಲ್ಲಿ ಕಿರಣದ ಪಾಲು ಅಲ್ಪ.

ಹಾಗಾದರೆ ಆ ನೀರು ನಿರ್ದುಷ್ಟವೇ? ಅಲ್ಲ. ಯುರೇನಿಯಂ ಸೀಸದಂತೆ, ಪಾದರಸದಂತೆ ಒಂದು ಭಾರಲೋಹ. ಅದರ ಕೇಡು ಮೊದಲು ತಲೆದೋರುವುದು ರಾಸಾಯನಿಕ ವಿಷವಾಗಿ. ಕುಡಿದ ಯುರೇನಿಯಮ್ಮಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. ಉಳಿದುದು ಮಲದಲ್ಲಿ ಹೊರಟುಹೋಗುತ್ತದೆ. ಕೂಸುಗಳಲ್ಲಿ ರಕ್ತಕ್ಕೆ ಸೇರುವ ಪಾಲು ಹೆಚ್ಚು. ರಕ್ತ ಸೇರಿದುದರಲ್ಲಿ ಬಹುಭಾಗವನ್ನು ಮೂತ್ರಪಿಂಡವು ಸೋಸಿ ಹೊರಗೆ ಹಾಕುತ್ತದೆ. ಸೋಸುವ ಆ ಕಾರ್ಯದಲ್ಲಿಯೇ ಅದರ ಸೂಕ್ಷ್ಮನಾಳಗಳಿಗೆ ಪೆಟ್ಟು ತಗಲುವುದು. ಉಳಿದ ಅಲ್ಪಭಾಗವು ಕ್ಯಾಲ್ಸಿಯಮ್ಮಿನ ಎಡೆಯನ್ನು ಆಕ್ರಮಿಸಿ ಮೂಳೆಯಲ್ಲಿ ನೆಲೆಯೂರುತ್ತದೆ. ಫಿನ್ಲೆಂಡಿನಲ್ಲಿ ಗ್ರಾನೈಟಿನೊಳಗೆ ಕೊರೆದ ಬಾವಿಗಳ ನೀರನ್ನು ಕುಡಿಯುತ್ತಿದ್ದ ೩೨೫ ಜನರನ್ನು ಪರೀಕ್ಷಿಸಿದ ವೈದ್ಯರು ೨೦೦೨ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಯುರೇನಿಯಂ ಹೆಚ್ಚಿದಂತೆ ಮೂತ್ರನಾಳಗಳ ಕಾರ್ಯದಲ್ಲಿ ಸೂಕ್ಷ್ಮವಾದ ವ್ಯತ್ಯಾಸವು ಅವರಿಗೆ ಕಂಡುಬಂದಿತು. ಇಂತಿಷ್ಟರವರೆಗೆ ಏನೂ ಆಗುವುದಿಲ್ಲವೆಂಬ ಸ್ಪಷ್ಟವಾದ ಎಲ್ಲೆಯೊಂದು ಕಂಡುಬರಲಿಲ್ಲ. ವ್ಯತ್ಯಾಸವು ರೋಗವೆನ್ನುವಷ್ಟು ದೊಡ್ಡದಾಗಿರಲಿಲ್ಲ. ಆದರೂ ಅದನ್ನು ಅಲಕ್ಷ್ಯಮಾಡುವುದು ವಿವೇಕವಲ್ಲ.

ಕಿರಣಕ್ಕೆ ಹೆದರುವವನು ಬಾವಿಯ ಹತ್ತಿರ ಸುಳಿಯುವುದಕ್ಕೂ ಅಂಜಿ, ಸ್ನಾನಕ್ಕೂ ಆ ನೀರನ್ನು ಬಿಡುವನು. ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಯುರೇನಿಯಂ ಚರ್ಮದ ಮೂಲಕ ಒಳಸೇರುವುದು ಅತ್ಯಲ್ಪ. ವಿಷವೆಂದು ತಿಳಿದವನು ಕುಡಿಯುವುದಕ್ಕೂ ಅಡಿಗೆಗೂ ಮಾತ್ರ ಬೇರೆ ನೀರನ್ನು ಹುಡುಕುವನು. ಭಯವು ಎಲ್ಲಿ ತಕ್ಕದ್ದು, ಎಲ್ಲಿ ತಕ್ಕದ್ದಲ್ಲ ಎಂಬುದು ಹೀಗೆ ಲೆಕ್ಕದಿಂದ ಗೊತ್ತಾಗುತ್ತದೆ.

೬. ಎರಡು ಮಿತಿಗಳು

ಮೇಲೆ ಹೇಳಿದ ೩೦ ಮತ್ತು ೬೦ ಎಂಬ ಎರಡು ಅಂಕಿಗಳು ಹುಟ್ಟಿದುದು ಈ ಎರಡು ದೃಷ್ಟಿಗಳಿಂದ. ಅಣುಶಕ್ತಿ ನಿಯಂತ್ರಣ ಮಂಡಲಿಯು ೨೦೦೪ರಲ್ಲಿ ಲೀಟರಿಗೆ ೬೦ ಮೈಕ್ರೋಗ್ರಾಂ ಎಂಬ ಮಿತಿಯನ್ನು ವಿಕಿರಣದ ಲೆಕ್ಕದಿಂದ ಗೊತ್ತುಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯು ರಾಸಾಯನಿಕ ವಿಷದ ದೃಷ್ಟಿಯಿಂದ ಹುಟ್ಟಿತು. ಅದು ೧೯೯೮ರಲ್ಲಿ ೨, ೨೦೦೪ರಲ್ಲಿ ೧೫, ೨೦೧೧ರಲ್ಲಿ ೩೦ ಮೈಕ್ರೋಗ್ರಾಂ ಆಗಿ ಬದಲಾಯಿತು. ಈಗಲೂ ಅದಕ್ಕೆ ತಾತ್ಕಾಲಿಕವೆಂಬ ವಿಶೇಷಣವುಂಟು. ಭಾರತೀಯ ಮಾನಕ ಸಂಸ್ಥೆಯೂ ಕುಡಿಯುವ ನೀರಿನ ಮಾನಕದಲ್ಲಿ ೩೦ನ್ನೇ ಸೇರಿಸಿದೆ.

ಎಪ್ಪತ್ತಮೂರು ಗ್ರಾಮಗಳ ಲೆಕ್ಕದಲ್ಲಿ ೫೭ಕ್ಕೂ ೪೮ಕ್ಕೂ ನಡುವೆ ಉಳಿಯುವ ಗ್ರಾಮಗಳು ಒಂಬತ್ತು. ಒಂದು ಮಿತಿಯ ಪ್ರಕಾರ ಅವುಗಳ ನೀರು ಕುಡಿಯತಕ್ಕದ್ದು. ಮತ್ತೊಂದರ ಪ್ರಕಾರ ಕುಡಿಯತಕ್ಕದ್ದಲ್ಲ. ಗ್ರಾಮಸ್ಥರಿಗೆ ಇದು ಶಾಸ್ತ್ರಚರ್ಚೆಯಲ್ಲ. ದಿನವೂ ಕೊಡವನ್ನು ಎಲ್ಲಿ ತುಂಬಬೇಕೆಂಬ ಪ್ರಶ್ನೆ. ಯುರೇನಿಯಮ್ಮಿನ ಮುಖ್ಯ ಕೇಡು ರಾಸಾಯನಿಕವಾದುದೆಂಬುದು ಸಿದ್ಧವಾಗಿರುವಾಗ, ವಿಷದ ಲೆಕ್ಕದಿಂದ ಬಂದ ಕಡಮೆಯ ಮಿತಿಯನ್ನೇ ಕುಡಿಯುವ ನೀರಿಗೆ ಪ್ರಮಾಣವಾಗಿ ಹಿಡಿಯುವುದು ನ್ಯಾಯವೆಂದು ತೋರುತ್ತದೆ.

ಇದರಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವು ಒಬ್ಬನು ದಿನಕ್ಕೆ ಎರಡು ಲೀಟರು ನೀರು ಕುಡಿಯುವನೆಂಬ ಊಹೆಯ ಮೇಲೆ ನಿಂತಿದೆ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ತುರುವನೂರು ಸೀಮೆಯ ಹೊಲದಲ್ಲಿ ದುಡಿಯುವವನಿಗೆ ಎರಡು ಲೀಟರು ಮಧ್ಯಾಹ್ನದವರೆಗೆ ಸಾಲದು. ಅವನು ನಾಲ್ಕು ಲೀಟರನ್ನಾದರೂ ಕುಡಿದಾನು. ಲೀಟರಿಗೆ ೬೦ ಮೈಕ್ರೋಗ್ರಾಂ ಇರುವ ನೀರನ್ನು ನಾಲ್ಕು ಲೀಟರು ಕುಡಿದರೆ ದಿನಕ್ಕೆ ಹೊಟ್ಟೆ ಸೇರುವುದು ೨೪೦ ಮೈಕ್ರೋಗ್ರಾಂ. ಮಿತಿಯನ್ನು ಕಟ್ಟುವಾಗ ಎಣಿಸಿದುದು ೬೦. ಹೀಗೆ ಕಾಗದದ ಮೇಲೆ ಇಮ್ಮಡಿಯಾಗಿ ಕಾಣುವುದು ಹೊಲದಲ್ಲಿ ನಾಲ್ಮಡಿಯಾಗುತ್ತದೆ. ತಂಪುದೇಶದ ಅನುಭವದಿಂದ ಹುಟ್ಟಿದ ಅಂಕಿಯನ್ನು ಬಯಲುಸೀಮೆಗೆ ಅನ್ವಯಿಸುವಾಗ ಜನರು ನೀರು ಕುಡಿಯುವ ರೂಢಿಯನ್ನೂ ಅಳೆಯಬೇಕೆಂಬುದು ಇದರಿಂದ ಸ್ಪಷ್ಟಪಡುವುದು.

೭. ಪರಿಹಾರ

ಮನೆಯಲ್ಲಿ ಸಾಧಾರಣವಾಗಿ ಮಾಡುವ ಶುದ್ಧಿಯ ಕ್ರಮಗಳು ಇಲ್ಲಿ ನಡೆಯುವುದಿಲ್ಲ. ಕಾಯಿಸಿ ಆರಿಸಿದರೆ ಕ್ರಿಮಿಗಳು ಸಾಯುತ್ತವೆ; ಯುರೇನಿಯಂ ಹೋಗುವುದಿಲ್ಲ. ನೀರು ಆವಿಯಾಗಿ ಕಡಮೆಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗಬಹುದು. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ. ಕರಗಿದುದನ್ನು ಬಟ್ಟೆಯು ಹಿಡಿಯಲಾರದು. ನೀರನ್ನು ಎತ್ತರದಿಂದ ಸುರಿದು ಗಾಳಿಗೆ ಒಡ್ಡುವುದರಿಂದ ರೇಡಾನ್ ಅನಿಲವು ಹೊರಟುಹೋಗುವುದುಂಟು. ಆದರೆ ಯುರೇನಿಯಮ್ಮಿಗೆ ಇದರಿಂದ ಏನೂ ಆಗುವುದಿಲ್ಲ.

ಯುರೇನಿಯಮ್ಮನ್ನು ತೆಗೆಯಬಲ್ಲ ಕ್ರಮಗಳಲ್ಲಿ ಎರಡು ಮುಖ್ಯ. ಯುರೇನಿಲ್ ಕಾರ್ಬೊನೇಟು ಸಾಮಾನ್ಯವಾಗಿ ಋಣವಿದ್ಯುತ್ತನ್ನು ಹೊತ್ತಿರುವುದರಿಂದ, ಅಂಥ ಅಯಾನುಗಳನ್ನು ಸೆಳೆಯುವ ರಾಳದ ಮೇಲೆ ಅದು ನಿಲ್ಲುತ್ತದೆ. ಎರಡನೆಯದು, ಒತ್ತಡದಿಂದ ನೀರನ್ನು ಸೂಕ್ಷ್ಮವಾದ ಪೊರೆಯ ಮೂಲಕ ಹಾಯಿಸುವ ಕ್ರಮ. ಕರ್ಣಾಟಕದ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳೆಂದು ಪ್ರಸಿದ್ಧವಾಗಿರುವುವು ಹೆಚ್ಚಾಗಿ ಈ ಕ್ರಮದವು. ಫ್ಲೋರೈಡಿಗಾಗಿ ಇಟ್ಟ ಘಟಕವು ಸುಸ್ಥಿತಿಯಲ್ಲಿದ್ದರೆ ಯುರೇನಿಯಮ್ಮನ್ನೂ ಬಹುಮಟ್ಟಿಗೆ ತಡೆಯುತ್ತದೆ. ಪೊರೆ ಹರಿದಿದ್ದರೆ ಎರಡೂ ಹಾಯ್ದುಬರುತ್ತವೆ. ಆದುದರಿಂದ ಘಟಕವಿದೆಯೆಂಬುದು ಮಾತ್ರ ಸಾಲದು. ಅದರಿಂದ ಬರುವ ನೀರನ್ನೂ ಕಾಲಕಾಲಕ್ಕೆ ಅಳೆಯಬೇಕು.

ತೆಗೆದ ಯುರೇನಿಯಂ ಎಲ್ಲಿಗೆ ಹೋಯಿತೆಂಬ ಪ್ರಶ್ನೆಯೂ ರಸಾಯನಜ್ಞನದೇ. ನೂರು ಕೊಡ ನೀರಿನಲ್ಲಿ ಐವತ್ತು ಕೊಡ ಶುದ್ಧವಾಗಿ ಬಂದರೆ, ಉಳಿದ ಐವತ್ತು ಕೊಡ ತ್ಯಾಜ್ಯನೀರಿನಲ್ಲಿ ಯುರೇನಿಯಮ್ಮಿನ ಗಾಢತೆಯು ಹೆಚ್ಚುಕಡಮೆ ಇಮ್ಮಡಿಯಾಗಿರುತ್ತದೆ. ಅದನ್ನು ಘಟಕದ ಪಕ್ಕದಲ್ಲಿಯೇ ಇಂಗಲು ಬಿಟ್ಟರೆ ಮತ್ತೆ ಅದೇ ಅಂತರ್ಜಲಕ್ಕೆ ಸೇರುತ್ತದೆ. ದನಗಳ ತೊಟ್ಟಿಗೆ ಬಿಟ್ಟರೆ ದನಗಳ ಹೊಟ್ಟೆ ಸೇರುತ್ತದೆ. ರಾಳವು ತುಂಬಿದ ಮೇಲೆ ಅದರಲ್ಲಿ ಯುರೇನಿಯಂ ಕೂಡಿಬಿದ್ದಿರುವುದರಿಂದ ಅದನ್ನೂ ಕಸದಂತೆ ಎಸೆಯಲಾಗದು.

ಎಲ್ಲಕ್ಕಿಂತ ಸರಳವಾದ ಮಾರ್ಗವು ನೀರಿನ ಮೂಲವನ್ನೇ ಬದಲಾಯಿಸುವುದು. ಮಳೆಯ ನೀರಿನಲ್ಲಿ ಯುರೇನಿಯಂ ನಗಣ್ಯ; ಕೆರೆ ಹೊಳೆಗಳ ನೀರಿನಲ್ಲಿಯೂ ಸಾಮಾನ್ಯವಾಗಿ ಅತ್ಯಲ್ಪ. ೧೯೦೭ರಲ್ಲಿ ಮುಗಿದ ಮಾರಿಕಣಿವೆಯ ವಾಣೀವಿಲಾಸ ಸಾಗರವು ವೇದಾವತಿಯ ನೀರನ್ನು ನಿಲ್ಲಿಸಿಕೊಂಡು ಹಿರಿಯೂರು, ಚಿತ್ರದುರ್ಗಗಳಿಗೆ ಕುಡಿಯುವ ನೀರನ್ನು ಒದಗಿಸುತ್ತಿದೆ. ಮಾಳಿಗೆಯ ಮೇಲಿನ ಮಳೆನೀರನ್ನು ತೊಟ್ಟಿಗೆ ಹಿಡಿಯುವುದು, ಕೆರೆಯ ಹೂಳೆತ್ತಿ ನೀರು ನಿಲ್ಲಿಸುವುದು—ಇವು ನೀರಿನ ಅಭಾವಕ್ಕೆ ಹೇಳುವ ಔಷಧಗಳು. ಅವೇ ಈ ದೋಷಕ್ಕೂ ಔಷಧಗಳಾಗಿವೆ.

೮. ಪೂರ್ವಸ್ಥಿತಿಯ ದಾಖಲೆ

ಚಿತ್ರದುರ್ಗ ಜಿಲ್ಲೆಗೆ ಈ ವಿಚಾರವು ಇನ್ನೊಂದು ಕಾರಣದಿಂದಲೂ ಮುಖ್ಯವಾಗಿದೆ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿಯ ಅಮೃತಮಹಲ್ ಕಾವಲಿನಲ್ಲಿ ಭಾಭಾ ಅಣು ಸಂಶೋಧನ ಕೇಂದ್ರಕ್ಕೆ ಭೂಮಿಯು ದೊರೆತಿದೆ. ಅಲ್ಲಿ ನಡೆಯತಕ್ಕ ಕಾರ್ಯದಿಂದ ಸುತ್ತಣ ನೀರಿಗೆ ಏನಾದೀತೆಂಬ ಶಂಕೆಯನ್ನು ಜನರು ವ್ಯಕ್ತಪಡಿಸಿದುದುಂಟು. ಇಂಥ ಶಂಕೆಯನ್ನು ವಾದದಿಂದ ಪರಿಹರಿಸಲಾಗದು, ಸಮರ್ಥಿಸಲೂ ಆಗದು; ಅದಕ್ಕೆ ಬೇಕಾದುದು ಮೊದಲೇ ಬರೆದಿಟ್ಟ ಅಳತೆ. ಇಂದು ಬಾವಿಯಲ್ಲಿ ಎಷ್ಟಿದೆ ಎಂಬುದು ಗೊತ್ತಿಲ್ಲದಿದ್ದರೆ, ಹತ್ತು ವರ್ಷಗಳ ಅನಂತರ ಕಂಡದ್ದು ಬಂಡೆಯದೋ ಕಾರ್ಖಾನೆಯದೋ ಎಂದು ನಿರ್ಣಯಿಸುವುದು ಕಷ್ಟ.

ಈ ನಿರ್ಣಯಕ್ಕೆ ವಿಕಿರಣ ರಸಾಯನಶಾಸ್ತ್ರವು ಒಂದು ಸಾಧನವನ್ನು ಒದಗಿಸುತ್ತದೆ. ಪ್ರಕೃತಿಯಲ್ಲಿ ದೊರೆಯುವ ಯುರೇನಿಯಮ್ಮಿನಲ್ಲಿ ಯುರೇನಿಯಂ-೨೩೫ರ ಒಂದು ಪರಮಾಣುವಿಗೆ ಯುರೇನಿಯಂ-೨೩೮ರ ಸುಮಾರು ೧೩೮ ಪರಮಾಣುಗಳಿರುತ್ತವೆ. ಎಲ್ಲ ದೇಶಗಳ ಬಂಡೆಗಳಲ್ಲಿಯೂ ಇದು ಹೆಚ್ಚುಕಡಮೆ ಒಂದೇ. ಯಂತ್ರಗಳಲ್ಲಿ ಬೇರ್ಪಡಿಸಿದ ಯುರೇನಿಯಮ್ಮಿನಲ್ಲಿ ಈ ಪ್ರಮಾಣವು ಹೆಚ್ಚಾಗಿಯೋ ಕಡಮೆಯಾಗಿಯೋ ಬದಲಾಗಿರುತ್ತದೆ. ಆದುದರಿಂದ ನೀರಿನಲ್ಲಿ ಯುರೇನಿಯಂ ಎಷ್ಟಿದೆ ಎಂಬುದರ ಜತೆಗೆ ಐಸೊಟೋಪುಗಳ ಪ್ರಮಾಣವನ್ನೂ ಅಳೆದು ದಾಖಲೆಯಲ್ಲಿಟ್ಟರೆ, ಆ ದಾಖಲೆಯು ಜನರಿಗೂ ಸಂಸ್ಥೆಗೂ ಸಮಾನವಾದ ಸಾಕ್ಷಿಯಾಗುವುದು.

೯. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಅಂಶಗಳು ತಿಳಿಯಬರುತ್ತವೆ. ಬಾವಿನೀರಿನ ಯುರೇನಿಯಂ ಮುಖ್ಯವಾಗಿ ಮೂತ್ರಪಿಂಡಕ್ಕೆ ಕೇಡುಮಾಡುವ ಲೋಹವಿಷ. ಕಿರಣದ ಪಾಲು ಅದರಲ್ಲಿ ಎರಡನೆಯದು. ಅದಕ್ಕೆ ಮಿತಿಯನ್ನು ಹಿಡಿಯುವಾಗ ವಿಷದ ಲೆಕ್ಕವನ್ನೂ ಈ ಸೀಮೆಯ ಜನರು ಕುಡಿಯುವ ನೀರಿನ ಪ್ರಮಾಣವನ್ನೂ ನೋಡಬೇಕು. ಬಂಡೆಯು ಅಡಿಗಡಿಗೂ ಬದಲಾಗುವುದರಿಂದ, ಜಿಲ್ಲೆಯ ಹೆಸರಾಗಲಿ ಹೋಬಳಿಯ ಹೆಸರಾಗಲಿ ಒಂದು ಬಾವಿಯ ನೀರಿಗೆ ಸಾಕ್ಷಿ ಹೇಳಲಾರದು. ತುರುವನೂರಿನ ನೀರು ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಒಂದೇ ಮಾತಿನಲ್ಲಿ ಹೇಳುವುದು ಶಾಸ್ತ್ರಸಮ್ಮತವಲ್ಲ. ಹೇಳಬಹುದಾದುದು ಇಂಥ ಬೀದಿಯ ಇಂಥ ಕೊಳವೆಬಾವಿಯಲ್ಲಿ, ಇಂಥ ತಿಂಗಳಿನಲ್ಲಿ, ಇಷ್ಟು ಮೈಕ್ರೋಗ್ರಾಂ ಎಂದು ಮಾತ್ರ.

ಆದಕಾರಣ ಕುಡಿಯುವುದಕ್ಕೆ ಬಳಸುವ ಪ್ರತಿಯೊಂದು ಕೊಳವೆಬಾವಿಯ ನೀರನ್ನೂ ವರ್ಷಕ್ಕೆ ಎರಡು ಬಾರಿ, ಬೇಸಗೆಯ ಕೊನೆಯಲ್ಲಿ ಒಮ್ಮೆ, ಮಳೆಗಾಲವಾದ ಮೇಲೆ ಒಮ್ಮೆ, ಅಳೆಯುವುದು ಅವಶ್ಯಕ. ಒಂದು ಲೀಟರು ನೀರು, ಒಂದು ಶುಚಿಯಾದ ಸೀಸೆ, ಕೆಲವು ಹನಿ ಆಮ್ಲ, ಪ್ರಯೋಗಶಾಲೆಯಲ್ಲಿ ಅರ್ಧ ಗಂಟೆಯ ಕೆಲಸ—ಇದಕ್ಕಿಂತ ಹೆಚ್ಚಿನ ಸಾಹಸವು ಇದರಲ್ಲಿಲ್ಲ. ಬಂದ ಅಂಕಿಯನ್ನು ಬಾವಿಯ ಬಳಿಯಲ್ಲಿಯೇ ಎಲ್ಲರೂ ಓದುವಂತೆ ಕನ್ನಡದಲ್ಲಿ ಬರೆಯಿಸಿದರೆ, ಕೊಡವನ್ನು ಯಾವ ನಲ್ಲಿಯ ಕೆಳಗೆ ಇಡಬೇಕೆಂಬುದನ್ನು ನೀರಿಗೆ ಬಂದವರೇ ನಿಶ್ಚಯಿಸಿಕೊಳ್ಳುವರು.